ಇಲ್ಲದ ಹುದ್ದೆಯ ಬೋರ್ಡು

ಮೂವತ್ಮೂರು ವರ್ಷ ನಾನು ಮಾಡಿದ ಕೆಲಸ ಒಂದೇ: ಯಾರು ಏನು ಎಂದು ಕಾಗದದ ಮೇಲೆ ಬರೆದಿಡುವುದು. ಲಿಂಗಸುಗೂರಿನಲ್ಲಿ ವಿಶ್ವವಿದ್ಯಾಲಯದ ಒಂದು ಸ್ನಾತಕೋತ್ತರ ಕೇಂದ್ರವಿತ್ತು. ಅದರ ಸಿಬ್ಬಂದಿ ಶಾಖೆಗೆ ಗುಮಾಸ್ತನಾಗಿ ಸೇರಿ, ಅಲ್ಲಿಯೇ ಅಧೀಕ್ಷಕನಾಗಿ ನಿವೃತ್ತನಾದೆ. ನಡುವೆ ಎಷ್ಟು ಮೆಟ್ಟಿಲು ಹತ್ತಿದೆ ಎಂಬುದು ನನ್ನ ಸೇವಾ ಪುಸ್ತಕದಲ್ಲಿದೆ, ಇಲ್ಲಿ ಅದು ಬೇಡ. ಈಗ ಅಂಥ ಕುರ್ಚಿಗಳಲ್ಲಿ ಹೊಸದಾಗಿ ಕೂರುತ್ತಿರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ನಿಧಾನದ ಮನುಷ್ಯ. ಯಾವ ಪತ್ರವನ್ನೂ ಮೂರು ಸಲ ಓದದೆ ಮುಂದಕ್ಕೆ ಕಳಿಸಿದವನಲ್ಲ. ಅಂಥವನ ಕೈಯಿಂದಲೇ ಈ ತಪ್ಪು ನಡೆಯಿತಲ್ಲ ಎಂದು ನೆನೆದರೆ ಈಗಲೂ ಬೆರಳು ಸಣ್ಣಗೆ ನಡುಗುತ್ತವೆ. ಮರುಕ್ಷಣವೇ ನಗು ಬರುತ್ತದೆ. ನಡುಕ ಮೊದಲೋ ನಗು ಮೊದಲೋ ಎಂದು ನನ್ನ ಹೆಂಡತಿ ಒಮ್ಮೆ ಕೇಳಿದಳು. ಗಮನವಿಟ್ಟು ನೋಡಿ ಹೇಳಿದೆ: ನಡುಕವೇ ಮೊದಲು.

ಆ ಆದೇಶ ಬಂದದ್ದು ಒಂದು ಸೋಮವಾರ. ಒಂದೂವರೆ ಪುಟ. ಇನ್ನು ಮುಂದೆ ಉಪನ್ಯಾಸಕರನ್ನು ಸಹಾಯಕ ಪ್ರಾಧ್ಯಾಪಕರೆಂದೂ ರೀಡರುಗಳನ್ನು ಸಹ ಪ್ರಾಧ್ಯಾಪಕರೆಂದೂ ಕರೆಯತಕ್ಕದ್ದು. ಪ್ರಾಧ್ಯಾಪಕರು ಪ್ರಾಧ್ಯಾಪಕರಾಗಿಯೇ ಇರತಕ್ಕದ್ದು. ಪಾಠ ಅದೇ, ಕೋಣೆ ಅದೇ, ಕುರ್ಚಿ ಅದೇ. ಕೊನೆಯ ಸಾಲಿನಲ್ಲಿ, ಇದನ್ನು ಬಡ್ತಿ ಎಂದು ಭಾವಿಸತಕ್ಕದ್ದಲ್ಲ ಎಂದಿತ್ತು. ಅದರ ಕೆಳಗೆ ನಾನು ಕೆಂಪು ಗೆರೆ ಎಳೆದೆ. ಮೂರು ತಾಲೂಕುಗಳಲ್ಲಿ ಆ ಸಾಲನ್ನು ಓದಿದವನು ನಾನೊಬ್ಬನೇ ಎಂದು ವಾರದೊಳಗೆ ಗೊತ್ತಾಯಿತು.

ನಮ್ಮ ಕೇಂದ್ರದ ನಿರ್ದೇಶಕರು ಸಂಗನಬಸಪ್ಪ. ಅವರು ಹದಿನೆಂಟು ವರ್ಷದಿಂದ ರೀಡರ್. ಅವರ ಮಾವ ಬಸವರಾಜಪ್ಪ ಜವಳಗೇರಾದ ದೊಡ್ಡ ಒಕ್ಕಲಿಗರು, ಕಾಲುವೆ ಕೆಳಗೆ ಭತ್ತ ಬೆಳೆಯುವವರು. ಗುರುವಾರ ಬೆಳಿಗ್ಗೆ ಕಚೇರಿಗೆ ಅವರ ಫೋನ್ ಬಂತು.

"ಏನ್ರೀ ಅಮರಪ್ಪ, ನಮ್ಮ ಅಳಿಯಗ ಬಡ್ತಿ ಆಗೈತಂತ. ನಮಗೊಂದು ಮಾತ ಹೇಳಬಾರದೇನ್ರೀ?"

"ಬಡ್ತಿ ಅಲ್ರೀ ಯಜಮಾನ್ರ. ಹುದ್ದೆ ಹೆಸರು ಬದಲಾಗೈತಿ, ಅಷ್ಟ."

"ಹೆಸರು ಸುಮ್ಕ ಬದಲಾಗ್ತದೇನ್ರೀ? ಹದಿನೆಂಟ ವರ್ಷ ಜನ ಕೇಳೋರು, ನಿಮ್ಮ ಅಳಿಯ ಏನ್ ಮಾಡ್ತಾನ ಅಂತ. ರೀಡರ್ ಅಂದ್ರ, ಅಯ್ಯೋ ಇನ್ನೂ ಓದು ಮುಗಿದಿಲ್ಲೇನ್ರೀ ಅನ್ನೋರು. ಇವತ್ತ ಪ್ರೊಫೆಸರ್ ಆಗ್ಯಾನ. ಟ್ರ್ಯಾಕ್ಟರ್ ಶೃಂಗಾರ ಮಾಡಸಾಕತ್ತೀನಿ. ರವಿವಾರ ನೀವೂ ಬರ್ರಿ."

ಹೋದೆ. ನಾನು ಎಣಿಸಿದಂತೆ ಏಳು ಟ್ರ್ಯಾಕ್ಟರುಗಳು, ಎಲ್ಲದಕ್ಕೂ ಭತ್ತದ ತೆನೆ, ಬಾಳೆಕಂದು. ಮೊದಲನೆಯದರ ಮೇಲೆ ಸಂಗನಬಸಪ್ಪನವರು ಕೊರಳ ತುಂಬ ಹಾರ ಹಾಕಿಕೊಂಡು ನಿಂತಿದ್ದರು. ಊರ ಬಾಯಿಗೆ ಕಟ್ಟಿದ ಬ್ಯಾನರಿನಲ್ಲಿ 'ಬಡ್ತಿ ಹೊಂದಿದ ನಮ್ಮೂರ ಅಳಿಯಂದಿರಿಗೆ ಸ್ವಾಗತ' ಎಂದಿತ್ತು. ಅದನ್ನು ನೋಡಿದ ಕೂಡಲೇ ನಿರ್ದೇಶಕರ ಮುಖ ಬಿಳುಚಿತು. ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಅಮರಪ್ಪ, ಇದರ ಫೋಟೊ ಮುಖ್ಯ ಕಚೇರಿಗೆ ಹೋದ್ರ ನನ್ನ ಗತಿ ಏನ್ರೀ? ನೀವ ಮೈಕ್ ಹಿಡಿರಿ, ಖರೇ ಹೇಳಿಬಿಡ್ರಿ."

ಆದೇಶದ ಪ್ರತಿ ನನ್ನ ಕಿಸೆಯಲ್ಲಿತ್ತು. ಮೈಕಿನ ಮುಂದೆ ನಿಂತು ಮೊದಲ ಸಾಲಿನಿಂದ ಓದತೊಡಗಿದೆ. ಉಲ್ಲೇಖ ಒಂದು ಎಂದೆ, ಚಪ್ಪಾಳೆ ಬಿತ್ತು. ಉಲ್ಲೇಖ ಎರಡು ಎಂದೆ, ಇನ್ನೂ ಜೋರು ಚಪ್ಪಾಳೆ. ಕೆಂಪು ಗೆರೆ ಎಳೆದ ಸಾಲನ್ನು ಒಂದೊಂದೇ ಪದವಾಗಿ, ಕಿವಿ ಮಂದವಿದ್ದವರಿಗೂ ಕೇಳುವಂತೆ ಓದಿದೆ. ಜನ ಎದ್ದು ನಿಂತು ಸಿಳ್ಳೆ ಹೊಡೆದರು. ಬಸವರಾಜಪ್ಪನವರು ಕಣ್ಣು ಒರೆಸಿಕೊಂಡು, "ಎಷ್ಟ ಚಂದ ಓದಿದ್ರಿ! ಏ, ಇವರಿಗೂ ಒಂದು ಶಾಲು ಹಾಕ್ರಪ್ಪ" ಎಂದರು. ಅದು ನನ್ನ ಮೊದಲನೆಯ ಶಾಲು.

ಆ ತಿಂಗಳೆಲ್ಲ ಹೀಗೇ ನಡೆಯಿತು. ಮುದಗಲ್ಲಿನ ನಮ್ಮ ಉಪನ್ಯಾಸಕರೊಬ್ಬರಿಗೆ ಅಲ್ಲಿನ ಅಂಗಡಿಯವರು ಸೇರಿ ಪೇಟ ತೊಡಿಸಿದರಂತೆ. ಅದು ನಾನು ಕೇಳಿದ್ದು, ನೋಡಿದ್ದಲ್ಲ. ಇನ್ನೊಬ್ಬರ ತಂಗಿಯ ಸಂಬಂಧ ಎರಡು ವರ್ಷದಿಂದ ಎಳೆದಾಡುತ್ತಿದ್ದದ್ದು ಒಂದೇ ವಾರದಲ್ಲಿ ಕೂಡಿಬಂತು. ಆ ಮದುವೆಯಲ್ಲಿ ಊಟ ಮಾಡಿ ಬಂದಿದ್ದೇನೆ.

ಕಚೇರಿಯೊಳಗಿನ ಕೆಲಸವೂ ಕಡಿಮೆಯದಲ್ಲ. ಹಳೆಯ ಹುದ್ದೆಯ ಹೆಸರಿದ್ದ ರಬ್ಬರ್ ಸೀಲುಗಳನ್ನೆಲ್ಲ ವಾಪಸು ಪಡೆದು, ಇಬ್ಬರ ಸಮ್ಮುಖದಲ್ಲಿ ನಾಶಮಾಡಬೇಕಿತ್ತು. ನಮ್ಮ ಜವಾನ ದುರ್ಗಪ್ಪ ಬ್ಲೇಡಿನಿಂದ ರಬ್ಬರು ಕತ್ತರಿಸಿದ. ಉಳಿದ ಮರದ ಹಿಡಿಕೆಗಳನ್ನು ಏನು ಮಾಡಬೇಕೆಂದು ಆದೇಶದಲ್ಲಿ ಇರಲಿಲ್ಲ. ನಾನು ಯೋಚಿಸುತ್ತಿರುವಾಗಲೇ ಅವನು ಅವನ್ನು ಕಚೇರಿಯ ಡ್ರಾಯರುಗಳಿಗೆಲ್ಲ ಮೊಳೆ ಹೊಡೆದು ಕೂರಿಸಿಬಿಟ್ಟ. ಇಂದಿಗೂ ಅಲ್ಲಿ ಡ್ರಾಯರು ಎಳೆಯುವವರ ಕೈಯಲ್ಲಿರುವುದು ಒಬ್ಬ ಹಳೆಯ ರೀಡರೋ ಉಪನ್ಯಾಸಕರೋ ಹಿಡಿದ ಹಿಡಿಕೆ.

"ನನಗೂ ಏನಾರ ಹೊಸಾ ಹೆಸರು ಬರ್ತದೇನ್ರೀ ಸಾಹೇಬ್ರ?" ಎಂದು ಅವನು ಕೇಳಿದ.

"ನಿನ್ನ ಹೋದ ವರ್ಷನ ಜವಾನ ತಗದು ಗ್ರೂಪ್ ಡಿ ನೌಕರ ಮಾಡ್ಯಾರಲ್ಲೋ."

"ಹೌದ್ರೀ. ಅವತ್ತಿನಿಂದ ಯಾರಿಗೂ ನನ್ನ ಕರೆಯಾಕ ಬರವಲ್ದು. ಏ ಗ್ರೂಪ್ ಡಿ, ಚಾ ತಗೊಂಡ ಬಾ ಅಂತ ಹೆಂಗ ಅಂತಾರ್ರೀ? ಅದಕ್ಕ ಚಾ ತರೋದ ತಪ್ಪೈತಿ. ಇನ್ನೊಂದು ಸಲ ಬದಲಿ ಮಾಡಿದ್ರ ನೀರು ತರೋದೂ ತಪ್ತದ."

ಆಮೇಲೆ ಬಾಗಿಲ ಬೋರ್ಡುಗಳು. ಎಲ್ಲವೂ ಮರದ ಹಲಗೆಗಳು: ನೀಲಿ ನೆಲ, ಬಿಳಿ ಅಕ್ಷರ, ಮೇಲಿನ ಸಾಲಿನಲ್ಲಿ ಹೆಸರು, ಕೆಳಗಿನ ಸಾಲಿನಲ್ಲಿ ಹುದ್ದೆ. ಅವನ್ನು ಗೋಣಿಯಲ್ಲಿ ಕಟ್ಟಿಕೊಂಡು ಮಸ್ಕಿ ಮೇಲೆ ಸಿಂಧನೂರಿಗೆ ಹೋಗುವ ಬಸ್ಸು ಹತ್ತಿದೆ. ಸಿಂಧನೂರಿನಲ್ಲಿ ಪೇಂಟರ್ ಹುಸೇನಸಾಬರ ಅಂಗಡಿ. ನಮ್ಮ ಕೇಂದ್ರದ ಬೋರ್ಡುಗಳನ್ನೆಲ್ಲ ಮೊದಲಿನಿಂದಲೂ ಬರೆದವರು ಅವರೇ. ಈಗ ಎಲ್ಲ ಕಡೆ ಪ್ಲಾಸ್ಟಿಕ್ ಅಕ್ಷರ ಅಂಟಿಸುತ್ತಾರೆ. ನಮ್ಮ ಕೇಂದ್ರ ಹುಸೇನಸಾಬರನ್ನು ಬಿಟ್ಟಿರಲಿಲ್ಲ.

"ಪೂರಾ ಬಳದು ಹೊಸದಾಗಿ ಬರೀರಿ" ಎಂದೆ.

ಅವರು ಒಂದೊಂದೇ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಕೆಳಗಿನ ಸಾಲು ಬಳೀತೀನ್ರೀ. ಮ್ಯಾಲಿನ ಸಾಲು ಮುಟ್ಟಂಗಿಲ್ಲ."

"ಯಾಕ್ರೀ?"

"ಬದುಕಿರೋ ಮನಷ್ಯಾನ ಹೆಸರಿನ ಮ್ಯಾಲ ನಾ ಬ್ರಷ್ ಆಡಸಂಗಿಲ್ರೀ. ನಮ್ಮ ಅಬ್ಬಾ ಕಲಿಸಿದ್ದು. ಕೆಳಗಿಂದು ಸರ್ಕಾರದ್ದು, ಬೇಕಾದಷ್ಟ ಸಲ ಬದಲಿ ಮಾಡ್ಕೋರಿ. ಹೆಸರು ಅವರ ಅವ್ವ ಅಪ್ಪ ಇಟ್ಟದ್ದು."

ಹೀಗಾಗಿ ನಮ್ಮ ಕೇಂದ್ರದಲ್ಲಿ ಎಲ್ಲರ ಹೆಸರೂ ಸ್ವಲ್ಪ ಮಾಸಿದ ಬಿಳುಪಿನಲ್ಲಿ, ಎಲ್ಲರ ಹುದ್ದೆಯೂ ಹೊಳೆಯುವ ಬಿಳುಪಿನಲ್ಲಿ ಇದ್ದವು. ಅದು ನನಗೆ ಒಂದು ಕೊರತೆಯಾಗಿಯೇ ಕಾಣುತ್ತಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನಮ್ಮಲ್ಲಿ ಒಂಬತ್ತು ಜನ ಅತಿಥಿ ಉಪನ್ಯಾಸಕರಿದ್ದರು. ಕಾಯಂ ಅಲ್ಲ, ವರ್ಷಕ್ಕೊಮ್ಮೆ ಹೊಸ ನೇಮಕಾತಿ ಪತ್ರ ಪಡೆದು ಪಾಠ ಮಾಡುವವರು. ಅವರಲ್ಲಿ ಒಬ್ಬರು ಶಿವಲೀಲಾ ಮೇಡಂ. ಮಸ್ಕಿಯವರು, ಇತಿಹಾಸ ಕಲಿಸುತ್ತಿದ್ದರು. ಮೊದಲ ಎರಡು ವರ್ಷ ಅವರ ಹುದ್ದೆಗೆ ಅರೆಕಾಲಿಕ ಉಪನ್ಯಾಸಕರು ಎಂಬ ಹೆಸರಿತ್ತು. ಆಮೇಲೆ ಸರ್ಕಾರವೇ ಅದನ್ನು ಅತಿಥಿ ಉಪನ್ಯಾಸಕರು ಎಂದು ಬದಲಿಸಿತ್ತು. ಹುಸೇನಸಾಬರು ಆಗಲೂ ಕೆಳಗಿನ ಸಾಲನ್ನಷ್ಟೇ ಬಳಿದಿದ್ದರು.

ಹೊಸ ಆದೇಶದಲ್ಲಿ 'ಉಪನ್ಯಾಸಕ ಎಂದು ಇರುವ ಕಡೆಗಳಲ್ಲೆಲ್ಲ' ಎಂಬ ಮಾತಿತ್ತು. ಮೂರು ಸಲ ಓದಿದೆ. ಎಲ್ಲ ಎಂದರೆ ಎಲ್ಲ. ಅತಿಥಿ ಉಪನ್ಯಾಸಕ ಎಂಬುದರಲ್ಲಿಯೂ ಉಪನ್ಯಾಸಕ ಇದೆ. ಆದ್ದರಿಂದ ಒಂಬತ್ತು ಜನರನ್ನೂ 'ಅತಿಥಿ ಸಹಾಯಕ ಪ್ರಾಧ್ಯಾಪಕರು' ಎಂದು ಬದಲಿಸಿ, ಪತ್ರಗಳನ್ನು ನಿರ್ದೇಶಕರ ಮುಂದಿಟ್ಟೆ. ಅವರು ಒಂದನ್ನೂ ಓದಲಿಲ್ಲ. "ನೀವು ಮೂರು ಸಲ ಓದೀರಿ, ನಾ ನಾಕನೇ ಸಲ ಓದಿ ಏನ್ ಮಾಡ್ಲಿ?" ಎನ್ನುತ್ತ ಸಹಿ ಹಾಕಿದರು.

ಅವತ್ತು ಅನುಮಾನಪಟ್ಟವರು ಶಿವಲೀಲಾ ಮೇಡಂ ಒಬ್ಬರೇ. ಪತ್ರ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು.

"ಸರ್, ಆದೇಶದಾಗ ಅತಿಥಿ ಅನ್ನೋ ಮಾತು ಐತೇನ್ರೀ?"

"ಇಲ್ಲ ಅಂತನೂ ಬರದಿಲ್ಲ ಮೇಡಂ" ಎಂದೆ ನಾನು.

ಕಚೇರಿಗೆ ಹೊಸದಾಗಿ ಸೇರಿದವರು ಈ ಉತ್ತರವನ್ನು ನೆನಪಿಡಬೇಕು. ನೀವೂ ಒಂದು ದಿನ ಇದನ್ನೇ ಹೇಳುತ್ತೀರಿ. ಹೇಳುವಾಗ ಬಹಳ ಜಾಣತನದ ಮಾತು ಅನ್ನಿಸುತ್ತದೆ.

ಮುಂದಿನ ವಾರ ಆ ಒಂಬತ್ತು ಜನ ಸಿಂಧನೂರಿನ ಒಂದು ಹೋಟೆಲಿನ ಮಾಳಿಗೆಯಲ್ಲಿ ನನ್ನನ್ನು ಕೂರಿಸಿ ಸನ್ಮಾನ ಮಾಡಿದರು. "ರಾಜ್ಯದಾಗ ಯಾರೂ ಮಾಡದ್ದ ಅಮರಪ್ಪ ಸರ್ ಮಾಡ್ಯಾರ" ಎಂದು ಒಬ್ಬರು ಭಾಷಣ ಮಾಡಿದರು. ಅದು ಎಷ್ಟು ನಿಜವೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಿರ್ಚಿ ಬಜಿ ತಿಂದೆವು. ಅದು ನನ್ನ ಎರಡನೆಯ ಶಾಲು.

ಆರು ವರ್ಷ ಹೀಗೇ ನಡೆಯಿತು. ಪ್ರತಿ ವರ್ಷ ಹಳೆಯ ಪತ್ರ ನೋಡಿ ಹೊಸ ಪತ್ರ. ಯಾರೂ ಕೇಳಲಿಲ್ಲ.

ಕೇಳಿದ್ದು ಕಂಪ್ಯೂಟರು. ವಿಶ್ವವಿದ್ಯಾಲಯವು ಇತಿಹಾಸಕ್ಕೆ ಒಂದು ಕಾಯಂ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಕರೆಯಿತು. ಶಿವಲೀಲಾ ಮೇಡಂಗೆ ವಯಸ್ಸಿನ ಮಿತಿ ಮುಗಿಯಲು ಕೆಲವೇ ತಿಂಗಳಿದ್ದವು. ಇದು ಹೋದರೆ ಮತ್ತೊಂದಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದವು. ಪಾಠದ ಅನುಭವಕ್ಕೂ ಅಂಕಗಳಿದ್ದವು. ಅರ್ಜಿ ತುಂಬುವಾಗ ಹಿಂದಿನ ಹುದ್ದೆಯನ್ನು ಪರದೆಯ ಮೇಲಿನ ಪಟ್ಟಿಯಿಂದ ಆರಿಸಬೇಕಿತ್ತು. ಅದರಲ್ಲಿ ಅತಿಥಿ ಸಹಾಯಕ ಪ್ರಾಧ್ಯಾಪಕ ಎಂಬುದೇ ಇರಲಿಲ್ಲ. ಅವರು 'ಇತರೆ' ಎಂದು ಒತ್ತಿದರು.

ಹದಿನೈದು ದಿನಕ್ಕೆ ಅವರಿಗೆ ಪತ್ರ ಬಂತು. ಮೊದಲ ನಾಲ್ಕು ವರ್ಷದ ಅನುಭವ ಒಪ್ಪಲಾಗಿದೆ. ನಂತರದ ಆರು ವರ್ಷ ತಾವು ಕೆಲಸ ಮಾಡಿದ ಹುದ್ದೆಯು ವಿಶ್ವವಿದ್ಯಾಲಯದಲ್ಲಿ ಅಸ್ತಿತ್ವದಲ್ಲಿ ಇರುವುದಿಲ್ಲ. ಮೂರು ದಿನದೊಳಗೆ ಪರಿಶೀಲನಾ ಸಮಿತಿಯ ಮುಂದೆ ವಿವರಣೆ ಕೊಡತಕ್ಕದ್ದು. ಕೊಡದಿದ್ದರೆ ಪಟ್ಟಿಯಲ್ಲಿ ಅವರು ಕೆಳಗಿಳಿದು ಮುಂದಿನವರು ಮೇಲೆ ಬರುತ್ತಾರೆ.

ಆ ಪತ್ರವನ್ನು ಅವರು ನನ್ನ ಮೇಜಿನ ಮೇಲಿಟ್ಟರು. ನಾನು ಮೂರು ಸಲ ಓದಿದೆ. ಎರಡನೆಯ ಸಲ ಓದುವಾಗಲೇ ಕಾಗದ ಅಲುಗತೊಡಗಿತ್ತು. ಫ್ಯಾನಿನ ಗಾಳಿ ಎಂದುಕೊಂಡೆ. ಕರೆಂಟು ಇರಲಿಲ್ಲ.

"ಸರ್, ಆರು ವರ್ಷ ನಾ ಎಲ್ಲಿದ್ದೆ?" ಎಂದರು ಅವರು. ದನಿ ಎತ್ತಲಿಲ್ಲ. "ದಿನಾ ಏಳೂವರೆ ಬಸ್ಸಿಗೆ ಮಸ್ಕಿಯಿಂದ ಬಂದೆ. ಪಾಠ ಮಾಡಿದೆ. ನನ್ನ ಹತ್ರ ಕಲ್ತ ಹುಡುಗಿ ಈಗ ಮುದಗಲ್ಲಿನ್ಯಾಗ ಟೀಚರ್ ಆಗ್ಯಾಳ. ಆದ್ರ ನಾ ಇದ್ದ ಹುದ್ದೇನ ಇಲ್ಲಂತ. ಹಂಗಾದ್ರ ನಾ ಇದ್ದೆನೋ ಇಲ್ಲೋ, ನೀವ ಹೇಳ್ರಿ. ಬರದವರು ನೀವು."

ಅವರನ್ನು ಕರೆದುಕೊಂಡು ನಿರ್ದೇಶಕರ ಕೋಣೆಗೆ ಹೋದೆ. ಸಂಗನಬಸಪ್ಪನವರಿಗೆ ಬೆವರು ಬಂತು. "ಟೈಪಿಂಗ್‌ನಾಗ ತಪ್ಪಾಗೈತಿ ಅಂತ ಬರದುಬಿಡ್ರಿ ಅಮರಪ್ಪ."

"ಟೈಪಿಂಗ್ ತಪ್ಪು ಒಮ್ಮೆ ಆಗ್ತದ್ರೀ ಸರ್. ಒಂಬತ್ತು ಮಂದಿಗೆ ಆರು ವರ್ಷ ಆಗಂಗಿಲ್ಲ. ಆ ಹುದ್ದೆ ನಾನ ಹುಟ್ಟಿಸಿದ್ದು. ಹಂಗ ಬರದು ಕೊಡ್ತೀನಿ."

"ನಿಮ್ಮ ನಿವೃತ್ತಿಗೆ ಇನ್ನ ಇಪ್ಪತ್ತೆರಡ ದಿನ ಐತಿ. ನೋಟಿಸ್ ಬರ್ತದ್ರೀ."

"ಬರ್ಲಿ ರೀ" ಎಂದೆ. ಹೇಳಿದ ಮೇಲೆ ಗೋಡೆಗೆ ಕೈಕೊಟ್ಟು ನಿಂತೆ. ಧೈರ್ಯದ ಮಾತು ಆಡಿ ಅಭ್ಯಾಸವಿರಲಿಲ್ಲ.

ಆ ಸಲ ಮುಖ್ಯ ಕಚೇರಿಯಲ್ಲಿ ಬೇರೆ ಪರೀಕ್ಷೆಗಳು ನಡೆಯುತ್ತಿದ್ದವು. ಹಾಗಾಗಿ ಸಮಿತಿ ಸಿಂಧನೂರಿನ ಒಂದು ಕಾಲೇಜಿನಲ್ಲಿ ಕೂತಿತ್ತು. ಮೂರನೆಯ ದಿನ ಬೆಳಿಗ್ಗೆ ಹೇಳಿಕೆ ಬರೆದುಕೊಂಡು ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಶಿವಲೀಲಾ ಮೇಡಂ ಹತ್ತಿದರು. ನನ್ನ ಪಕ್ಕದ ಸೀಟಿನಲ್ಲಿ ಕೂತವರೇ ಬಟ್ಟೆಯ ಚೀಲದಿಂದ ಒಂದು ಹಲಗೆ ತೆಗೆದು ನನ್ನ ತೊಡೆಯ ಮೇಲಿಟ್ಟರು. ಅವರ ಕೋಣೆಯ ಬಾಗಿಲ ಬೋರ್ಡು.

"ಇಲ್ಲದ ಹುದ್ದೆಯ ಬೋರ್ಡು ನನಗ್ಯಾಕ್ರೀ? ನೀವ ಕೊಟ್ಟದ್ದು, ನೀವ ಇಟ್ಕೋರಿ" ಎಂದು ಕಿಟಕಿಯ ಕಡೆ ತಿರುಗಿದರು.

ಬೋರ್ಡು ಉದ್ದವಾಗಿತ್ತು; ಒಂದು ತುದಿ ಓಡಾಡುವ ದಾರಿಗೆ ಚಾಚಿತ್ತು. ಕಂಡಕ್ಟರ್ ಬಂದು ಅದಕ್ಕೆ ಮೊಣಕಾಲು ತಾಗಿಸಿಕೊಂಡ. ಬಾಗಿ ಓದಿದ. "ಯಜಮಾನ್ರ, ಇದಕ್ಕ ಲಗೇಜ್ ಟಿಕೆಟ್ ಹರೀಲೋ, ಸೀಟ್ ಬಿಡಸಿ ಕೊಡ್ಲೋ? ಪ್ರಾಧ್ಯಾಪಕರು ಅಂತ ಬರದೈತಿ. ಅದೂ ಅತಿಥಿ ಅಂತ. ಅತಿಥಿಗಳನ್ನ ನಿಲ್ಲಿಸಿಕೊಂಡ ಹೋಗಾಕ ಬರಂಗಿಲ್ಲ."

ಮೇಡಂ ತಡೆಯಲು ನೋಡಿದರು, ಆಗಲಿಲ್ಲ. ಸೆರಗು ಬಾಯಿಗೆ ಹಿಡಿದು ನಕ್ಕರು. ನಗು ನಿಂತ ಮೇಲೆ ನಿಧಾನವಾಗಿ ಹೇಳಿದರು: "ಸರ್, ನಮ್ಮೂರ ಗುಡ್ಡದಾಗ ಶಾಸನ ಐತಲ್ರೀ. ಬ್ಯಾರೆ ಎಷ್ಟೋ ಬಂಡಿಗಲ್ಲಿನ ಮ್ಯಾಲ ಅದನ್ನ ಕೆತ್ತಿಸಿದ ಅರಸಂದು ಬಿರುದು ಅಷ್ಟ ಕೊರದಿತ್ತು. ಯಾರ ಬಿರುದು ಅಂತ ಗೊತ್ತಾಗದ ಮಂದಿ ಒದ್ದಾಡಿದ್ರು. ನಮ್ಮ ಬಂಡಿ ಮ್ಯಾಲ ಬಿರುದಿನ ಸಂಗಟ ಹೆಸರೂ ಇತ್ತು. ಆಗ ಜಗತ್ತಿಗೆ ತಿಳೀತು. ಹೆಸರು ಇದ್ರ ಬಿರುದಿಗೆ ಮಾಲಕ ಇರ್ತಾನ ಅಂತ ಹತ್ತು ವರ್ಷ ಪಾಠ ಮಾಡೀನಿ. ನನ್ನ ಪಾಳಿಗೆ ಹೆಸರು ಇದ್ರೂ ಬಿರುದ ಇಲ್ಲಂದ್ರು."

ನಾನು ಬೋರ್ಡಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕೂತೆ. ಮೇಲಿನ ಸಾಲಿನಲ್ಲಿ ಹಲಗೆ ನುಣ್ಣಗಿತ್ತು. ಕೆಳಗಿನ ಸಾಲಿಗೆ ಬಂದಾಗ ಹೆಬ್ಬೆರಳು ಒಂದು ಸಣ್ಣ ದಿಣ್ಣೆ ಹತ್ತಿದಂತಾಯಿತು. ಮತ್ತೆ ಸವರಿದೆ. ಮೂರನೆಯ ಸಲವೂ ಸವರಿದೆ. ಹುಸೇನಸಾಬರು ಒಂದರ ಮೇಲೊಂದು ಬಳಿದ ಬಣ್ಣ ಅಲ್ಲಿ ದಪ್ಪಗೆ ಕೂತಿತ್ತು. ಆರು ವರ್ಷ ನಾನು ಕೊರತೆ ಎಂದುಕೊಂಡಿದ್ದದ್ದೇ ಈಗ ಸಾಕ್ಷಿಯಾಗಿ ನನ್ನ ತೊಡೆಯ ಮೇಲಿತ್ತು. ಸಿಂಧನೂರು ಬರುವವರೆಗೆ ನಾನು ಬೋರ್ಡನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ.

ಸಮಿತಿಯಲ್ಲಿ ಮೂವರು. ಅಧ್ಯಕ್ಷರು ದಪ್ಪ ಕನ್ನಡಕದ ಹಿರಿಯ ಪ್ರಾಧ್ಯಾಪಕಿ. ಅವರ ಬಲಕ್ಕೆ ಒಬ್ಬ ಯುವ ಉಪಕುಲಸಚಿವರು, ಎದುರಿಗೆ ಹುದ್ದೆಗಳ ಪಟ್ಟಿ. ಎಡಕ್ಕಿದ್ದವರು ಕೊನೆಯವರೆಗೂ ಮಾತಾಡಲಿಲ್ಲ. ಶಿವಲೀಲಾ ಮೇಡಂ ನನ್ನ ಹಿಂದೆ ನಿಂತರು. ನಾನು ಹೇಳಿಕೆ ಕೊಟ್ಟೆ. ಅದರಲ್ಲಿ ಇದ್ದದ್ದು ಐದು ಸಾಲು: ಅತಿಥಿ ಸಹಾಯಕ ಪ್ರಾಧ್ಯಾಪಕ ಎಂಬ ಹುದ್ದೆಯ ಹೆಸರನ್ನು ನಾನೇ ಸೃಷ್ಟಿಸಿದೆ. ಮೇಲಿನಿಂದ ಅಂಥ ಆದೇಶ ಇರಲಿಲ್ಲ. ಅತಿಥಿ ಉಪನ್ಯಾಸಕ ಎಂದೇ ಇರಬೇಕಿತ್ತು. ಕೆಲಸ ಬದಲಾಗಲಿಲ್ಲ, ವ್ಯಕ್ತಿ ಬದಲಾಗಲಿಲ್ಲ. ತಪ್ಪು ನನ್ನದು, ಈ ಮೇಡಂ ಅವರದಲ್ಲ.

ಅಧ್ಯಕ್ಷರು ಓದಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನಿಮಗೆ ನೋಟಿಸ್ ಬರುತ್ತದೆ, ಗೊತ್ತಲ್ಲ?"

"ಗೊತ್ತೈತ್ರೀ. ಅದರ ಉತ್ತರಾನೂ ಬರಕೊಂಡು ಬಂದೀನ್ರೀ" ಎಂದು ಎರಡನೆಯ ಹಾಳೆ ಮುಂದಿಟ್ಟೆ.

ಉಪಕುಲಸಚಿವರು ಗಾಬರಿಯಾದರು. "ನೋಟಿಸನ್ನೇ ಇನ್ನೂ ಕೊಟ್ಟಿಲ್ಲವಲ್ಲ!"

"ನ್ಯಾಯ ಅಂದ್ರ ನೀವು ಕೊಡಬೇಕ್ರೀ. ಕೊಟ್ಟಾಗ ನಾ ತಡಾ ಮಾಡಬಾರದು. ಬರೇ ಇಪ್ಪತ್ತು ದಿನ ಉಳದಾವ."

ಅಧ್ಯಕ್ಷರ ತುಟಿಯ ತುದಿ ಅಲುಗಿತು. ಉಪಕುಲಸಚಿವರು ಮಾತ್ರ ನಗಲಿಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. "ನಿವೃತ್ತಿಗೆ ಹತ್ತಿರವಿರುವವರು ಯಾರಿಗೆ ಬೇಕಾದರೂ ಹೀಗೆ ಬರೆದುಕೊಡಬಹುದು. ಇದು ಹಳೆಯ ಹುದ್ದೆಯೇ, ಹೊಸದಾಗಿ ಸೇರಿಸಿಕೊಂಡದ್ದಲ್ಲ ಎಂದು ನಾವು ಹೇಗೆ ನಂಬುವುದು?"

ನಾನು ಬೋರ್ಡನ್ನು ಮೇಜಿನ ಮೇಲೆ ಮಲಗಿಸಿದೆ. "ಇಲ್ಲಿ ಬೆರಳ ಇಡ್ರಿ ಸರ್. ಮ್ಯಾಲಿನ ಸಾಲು. ಇನ್ನ ಇಲ್ಲಿ. ಕೆಳಗಿನ ಸಾಲು." ಅವರು ಒಲ್ಲದ ಮನಸ್ಸಿನಿಂದ ಬೆರಳಿಟ್ಟರು. ಮತ್ತೊಮ್ಮೆ ಇಟ್ಟರು.

"ಅಪ್ಪಣೆ ಆದ್ರ ಜರಾ ಕೆರೀತೀನ್ರೀ" ಎಂದು ಅವರ ಪೆನ್ಸಿಲ್ ಬ್ಲೇಡು ಕೇಳಿ ತೆಗೆದುಕೊಂಡೆ. ಕೆಳಗಿನ ಸಾಲಿನ ಮೊದಲ ಪದದಿಂದ ಶುರು ಮಾಡಿದೆ. ಅತಿಥಿ ಎಂಬುದು ಬಿಳಿಯ ಹುಡಿಯಾಗಿ ಮೇಜಿನ ಮೇಲೆ ಬಿತ್ತು. "ಇದು ಮೂರನೇ ಪದರು. ಆರು ವರ್ಷ. ನನ್ನ ತಪ್ಪು." ನೀಲಿ ಬಂತು, ಕೆರೆದೆ. ಅದರ ಕೆಳಗಿನಿಂದ ಬಿಳಿ ಅಕ್ಷರಗಳು ಎದ್ದವು. ಮೂವರೂ ಬಾಗಿದರು.

ಅಲ್ಲಿಯೂ ಅತಿಥಿ ಎಂದೇ ಇತ್ತು.

"ಕೆರದ್ರೂ ಅತಿಥಿನ ಬಂತಲ್ರೀ ಯವ್ವಾ!" ಹಿಂದಿನಿಂದ ಶಿವಲೀಲಾ ಮೇಡಂ ದನಿ ಕೇಳಿತು. ಹೇಳಿ ತಾವೇ ಬೆಚ್ಚಿ ಬಾಯಿ ಮುಚ್ಚಿಕೊಂಡರು. ಅಷ್ಟರಲ್ಲಿ ಅಧ್ಯಕ್ಷರು ನಗಲು ಶುರು ಮಾಡಿದ್ದರು. ಕನ್ನಡಕ ತೆಗೆದರು, ಕಣ್ಣು ಒರೆಸಿಕೊಂಡರು, ಮತ್ತೆ ನಕ್ಕರು. ಎಡಕ್ಕಿದ್ದ ಮೌನದ ಸದಸ್ಯರ ಹೊಟ್ಟೆ ಕುಲುಕಾಡತೊಡಗಿತು. ಉಪಕುಲಸಚಿವರು ಪಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದರು, ಪಟ್ಟಿ ಅಲುಗುತ್ತಿತ್ತು. ನಾನು ಮಾತ್ರ ನಗಲಿಲ್ಲ, ಕೆಲಸ ಮುಗಿದಿರಲಿಲ್ಲ.

"ಇದು ಎರಡನೇ ಪದರು, ಅತಿಥಿ ಉಪನ್ಯಾಸಕ ಇದ್ದಾಗಿಂದು. ಎರಡು ವರ್ಷ" ಎಂದು ಮತ್ತೆ ಕೆರೆದೆ. ಅರೆಕಾ ಎಂಬಷ್ಟು ಕಾಣಿಸಿತು. "ಇದು ಒಂದನೇ ಪದರು, ಅರೆಕಾಲಿಕ ಉಪನ್ಯಾಸಕ. ಅದೂ ಎರಡು ವರ್ಷ. ಮ್ಯಾಲ ಹೆಸರು ಒಮ್ಮೆ ಬರದದ್ದ. ಹಲಗಿ ಅದ, ಮೊಳಿ ಅದ, ಬಾಗಿಲ ಅದ." ಮುಂದಿನ ಪದಕ್ಕೆ ಬ್ಲೇಡು ಇಡುವಷ್ಟರಲ್ಲಿ ಅಧ್ಯಕ್ಷರು ಬೋರ್ಡಿನ ಮೇಲೆ ತಮ್ಮ ಅಂಗೈಯನ್ನೇ ಇಟ್ಟುಬಿಟ್ಟರು.

"ಸಾಕು ಅಮರಪ್ಪನವರೇ, ಸಾಕು. ಇನ್ನು ಕೆರೆದರೆ ನಮ್ಮ ಮೇಜು ಕಾಣಿಸುತ್ತದೆ."

"ಮೇಡಂ, ಬೋರ್ಡು ದಾಖಲೆಗಳ ಪಟ್ಟಿಯಲ್ಲಿ ಇಲ್ಲ" ಎಂದರು ಉಪಕುಲಸಚಿವರು. ಆದರೆ ದನಿ ಮೊದಲಿನ ಹಾಗೆ ಇರಲಿಲ್ಲ.

"ಹೇಳಿಕೆ ಪಟ್ಟಿಯಲ್ಲಿದೆಯಲ್ಲ. ದಾಖಲೆ ಹೇಳಿಕೆಯೇ. ಅದನ್ನು ನಂಬುವುದೋ ಬೇಡವೋ ಎಂದು ನೀವು ಕೇಳಿದಿರಿ, ಅವರು ತೋರಿಸಿದರು. ಆರು ವರ್ಷ ಸೇರಿಸಿ ಬರೆಯಿರಿ. ಇವರಿಗೆ ನೋಟಿಸ್ ಕೂಡ ಬರೆಯಿರಿ, ಪಾಪ, ಉತ್ತರ ಕಾಯುತ್ತಿದೆ."

ಹೊರಗೆ ಬಂದ ಮೇಲೆ ಕಾಲೇಜಿನ ಮೆಟ್ಟಿಲ ಮೇಲೆ ಕೂತೆ. ಮೊದಲು ಮೊಣಕಾಲು ನಡುಗಿದವು. ಆಮೇಲೆ ನಗು ಬಂತು. ಬಂದದ್ದು ನಿಲ್ಲಲೇ ಇಲ್ಲ. ಕಾಲೇಜಿನ ಹುಡುಗಿಯರು ತಿರುಗಿ ನೋಡಿದರು. "ನೀರು ಕುಡೀರಿ ಸರ್" ಎಂದು ಶಿವಲೀಲಾ ಮೇಡಂ ಬಾಟಲಿ ಕೊಟ್ಟರು. ಅವರೂ ನಗುತ್ತಿದ್ದರು, ನೀರು ಇಬ್ಬರ ಮೇಲೂ ಚೆಲ್ಲಿತು. ಬೋರ್ಡನ್ನು ಅವರೇ ಮತ್ತೆ ತಮ್ಮ ಚೀಲಕ್ಕೆ ಹಾಕಿಕೊಂಡರು.

ನೋಟಿಸ್ ನನಗೆ ತಲುಪಿದ್ದು ನಿವೃತ್ತಿಗೆ ಒಂಬತ್ತು ದಿನ ಮೊದಲು. ಅದರ ಉಲ್ಲೇಖದಲ್ಲಿ 'ತಮ್ಮ ಉತ್ತರ' ಎಂದಿತ್ತು. ನನಗೆ ತಿಳಿದಂತೆ, ನೋಟಿಸಿಗಿಂತ ಮೊದಲು ಉತ್ತರ ದಾಖಲಾದ ಸೇವಾ ಪುಸ್ತಕ ನನ್ನದೊಂದೇ. ಎಚ್ಚರಿಕೆ ಕೊಟ್ಟು ಕೈಬಿಟ್ಟರು. ಉಳಿದ ಎಂಟು ಜನರ ಪತ್ರಗಳನ್ನೂ ಆ ದಿನಗಳಲ್ಲೇ ತಿದ್ದಿದೆ. ಬೀಳ್ಕೊಡುಗೆಯಲ್ಲಿ ಮೂರನೆಯ ಶಾಲು ಬಂತು. ನಿರ್ದೇಶಕರು ನನ್ನ ಬಗ್ಗೆ ಒಂದು ಹಾಳೆಯ ಭಾಷಣ ಮಾಡಿದರು. ಮಾತಾಡುವ ಮೊದಲು ಅದನ್ನು ಮೂರು ಸಲ ಓದಿಕೊಂಡದ್ದನ್ನು ನಾನು ನೋಡಿದೆ.

ನಿವೃತ್ತನಾದ ಎರಡನೆಯ ತಿಂಗಳು ಒಂದು ಬೆಳಿಗ್ಗೆ ಶಿವಲೀಲಾ ಮೇಡಂ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಪೇಡೆಯ ಡಬ್ಬಿ, ಇನ್ನೊಂದರಲ್ಲಿ ಅದೇ ಬೋರ್ಡು. "ಆರ್ಡರ್ ಬಂದೈತ್ರೀ ಸರ್. ನಮ್ಮ ಕೇಂದ್ರಕ್ಕ ಹಾಕ್ಯಾರ. ನಾಳಿಗೆ ಹಾಜರಾಗಬೇಕು. ಬರ್ರಿ, ಸಿಂಧನೂರಿಗೆ ಹೋಗಿ ಬರೋಣು. ಹೊಸಾ ಹುದ್ದೆ ಬರಸಬೇಕು." ನನ್ನ ಹೆಂಡತಿ ಅವರ ಬಾಯಿಗೆ ಸಕ್ಕರೆ ಹಾಕಿದಳು. ನಾನು ಆರ್ಡರನ್ನು ಮೂರು ಸಲ ಓದಿದೆ. ಸಹಾಯಕ ಪ್ರಾಧ್ಯಾಪಕರು, ಇತಿಹಾಸ. ಕಾಯಂ.

ಹುಸೇನಸಾಬರು ಬೋರ್ಡನ್ನು ಬೆಳಕಿಗೆ ಹಿಡಿದರು. ಕೆರೆದ ಜಾಗ ನೋಡಿ ಮುಖ ಸಿಂಡರಿಸಿದರು. "ಯಾರ್ರೀ ಇದನ್ನ ಹಿಂಗ ಕೆರದವರು?"

"ನಾನ" ಎಂದೆ.

"ಏನಂತ ಬರೀಬೇಕ್ರೀ ಈಗ?"

ಮೇಡಂ ಆರ್ಡರ್ ತೋರಿಸಿದರು. ಅವರು ಆರ್ಡರ್ ನೋಡಿದರು, ಬೋರ್ಡು ನೋಡಿದರು, ಮತ್ತೆ ಆರ್ಡರ್ ನೋಡಿದರು. ಬ್ರಷ್ಷನ್ನು ಬಿಳಿ ಡಬ್ಬಿಯ ಹತ್ತಿರ ಒಯ್ದವರು ಹಾಗೇ ನಿಲ್ಲಿಸಿದರು.

"ಬರೆಯಾದು ಏನೂ ಇಲ್ಲಲ್ರೀ ಮೇಡಂ. ಸಹಾಯಕ ಪ್ರಾಧ್ಯಾಪಕರು ಅಂತ ಐತಿ, ನಾನ ಬರದದ್ದು, ಒಂದು ಗೆರಿ ಹೋಗಿಲ್ಲ. ಅತಿಥಿ ಅನ್ನೋದೊಂದ ತಗೀಬೇಕಿತ್ತು. ಅದನ್ನ ಇವರು ಆಗಲೇ ತಗದಾರ."

ಮೂವರೂ ಬೋರ್ಡನ್ನು ನೋಡುತ್ತ ನಿಂತೆವು. ಸಮಿತಿಯ ಅಧ್ಯಕ್ಷರು ಅಂಗೈ ಇಟ್ಟು ತಡೆದ ಜಾಗದಿಂದ ಮುಂದಕ್ಕೆ ಎಲ್ಲವೂ ಹಾಗೇ ಇತ್ತು. ಹುಸೇನಸಾಬರು ಬ್ರಷ್ಷನ್ನು ನೀಲಿಗೆ ಅದ್ದಿ, ಕೆರೆದ ಜಾಗದ ಮೇಲೆ ಎರಡು ಸಲ ಆಡಿಸಿದರು. "ಆಯ್ತು. ಒಣಗಾತನಕ ಯಾರೂ ಮುಟ್ಟಬ್ಯಾಡ್ರಿ."

ವಾಪಸು ಬರುವ ಬಸ್ಸು ತುಂಬಿತ್ತು. ನನಗೊಂದು ಸೀಟು ಸಿಕ್ಕಿತು. ಪಕ್ಕದ್ದಕ್ಕೆ ಟವಲು ಹಾಕಿ ಮೇಡಂಗೆಂದು ಹಿಡಿದಿಟ್ಟೆ. ಶಿವಲೀಲಾ ಮೇಡಂ ಕೂರಲಿಲ್ಲ. ಹಸಿ ಬೋರ್ಡನ್ನು ಸೀರೆಗೆ ತಾಗದಂತೆ ಮುಂದಕ್ಕೆ ಚಾಚಿ ಹಿಡಿದು, ಕಂಬಕ್ಕೆ ಬೆನ್ನು ಕೊಟ್ಟು ನಿಂತರು. ತಿರುವಿನಲ್ಲಿ ಬಸ್ಸು ವಾಲಿದಾಗೆಲ್ಲ ಸುತ್ತಲಿನವರು "ಏ ಬಣ್ಣ, ಬಣ್ಣ" ಎನ್ನುತ್ತ ತಲೆ ಬಗ್ಗಿಸುತ್ತಿದ್ದರು. ಒಬ್ಬ ಮುದುಕಿ ತನ್ನ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ನಗುತ್ತಿದ್ದಳು. "ಕೂಡ್ರಿ ಮೇಡಂ" ಎಂದು ಕಂಡಕ್ಟರ್ ಎರಡು ಸಲ ಹೇಳಿದ. "ಒಣಗ್ಲಿ ತಡೀರಿ" ಎಂದರು ಅವರು.

ಮಸ್ಕಿ ಇನ್ನೂ ಸ್ವಲ್ಪ ದೂರ ಇರುವಾಗ ನಾನು ಎದ್ದು ಬೆರಳಿಟ್ಟು ನೋಡಿದೆ. ನೀಲಿ ಅಂಟಲಿಲ್ಲ. ಇನ್ನೊಂದು ಸಲ ನೋಡಿದೆ, ಮೂರನೆಯ ಸಲವೂ ನೋಡಿದೆ.

"ಒಣಗೈತ್ರೀ" ಎಂದೆ.

ಆಗ ಅವರು ಕೂತರು.